ಮಂಗಳಕ್ಕೆ ಏಳುವ ಹುಡುಗಿ

ಯಾರಾದರೂ ಏನನ್ನಾದರೂ ಪುಕ್ಕಟೆ ಕೊಡುತ್ತಾರೆಂದರೆ ನನಗೆ ಮೊದಲು ಬರುವುದು ಅನುಮಾನ. ಆಗ ಯುದ್ಧದ ಕಾಲ. ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾಗಿದ್ದ ಆ ದಿನಗಳಲ್ಲಿ ಮಂಡ್ಯದ ಪೇಟೆಬೀದಿಯ ವರ್ತಕರು ರಾಮನವಮಿಗೆಂದು ಚಪ್ಪರ ಹಾಕಿಸಿ, ಹತ್ತು ದಿನ ಸಂಜೆ ಬಿಟ್ಟಿ ಸಂಗೀತ ಕಚೇರಿ ಮಾಡಿಸಿ, ಮೇಲೆ ಪಾನಕ ಕೋಸಂಬರಿಯನ್ನೂ ಹಂಚುತ್ತಿದ್ದರು. ಇದರ ಹಿಂದೆ ಏನೋ ಮಸಲತ್ತು ಇರಬೇಕು ಎಂದುಕೊಂಡು ಮೊದಲನೆಯ ದಿನ ನಾನು ಹಾಡುಗಾರರನ್ನು ಬಿಟ್ಟು ವರ್ತಕರ ಮುಖಗಳನ್ನೇ ನೋಡುತ್ತ ಕೂತಿದ್ದೆ. ಏನೂ ಸಿಗಲಿಲ್ಲ. ಪಾನಕ ಮಾತ್ರ ಚೆನ್ನಾಗಿತ್ತು.

ನನ್ನ ಕೆಲಸವೂ ಅಂಥದ್ದೇ. ಸರ್ಕಾರದ ಬೇಸಾಯದ ವಿ.ಸಿ. ಫಾರಂನಲ್ಲಿ ಬಿತ್ತನೆ ಬತ್ತದ ಮೊಳಕೆ ಪರೀಕ್ಷೆ ಮಾಡುತ್ತಿದ್ದೆ. ಒದ್ದೆ ಗೋಣಿಬಟ್ಟೆಯ ಮೇಲೆ ನೂರು ಕಾಳು ಸಾಲಾಗಿ ಇಟ್ಟು ಎಷ್ಟು ಮೊಳೆತವು ಎಂದು ನೋಡಬೇಕು. ಬೀಜ ತಂದವನು ಹೇಳಿದ್ದನ್ನು ನಂಬುವಂತಿಲ್ಲ. ನೂರಕ್ಕೆ ನೂರೂ ಮೊಳೆತರೆ ಯಾರೋ ಕೈಯಾಡಿಸಿದ್ದಾರೆಂದೇ ತಿಳಿಯಬೇಕು. ಈ ಬುದ್ಧಿಯನ್ನು ಫಾರಂನಲ್ಲೇ ಬಿಟ್ಟು ಬರುವುದು ನನಗೆ ಆಗುತ್ತಿರಲಿಲ್ಲ, ಸಂಜೆ ಅದೂ ನನ್ನ ಜೊತೆ ಮನೆಗೆ ಬರುತ್ತಿತ್ತು.

ಹೆಂಡತಿ ಹೆರಿಗೆಗೆ ಮಳವಳ್ಳಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ನನ್ನ ಅವ್ವ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ನಾಲ್ಕು ತುಂಬಿತ್ತು. ಚಿಕ್ಕವಳಿಗೆ ಇನ್ನೂ ಮಾತು ಬಂದಿರಲಿಲ್ಲ. ಅಕ್ಕನೇ ಎಲ್ಲವನ್ನೂ ಹೇಳಿಬಿಡುತ್ತಾಳೆ, ಇವಳಿಗೆ ಬಾಯಿ ಬಿಡುವ ದರ್ದು ಏನಿದೆ ಎಂದು ಅವ್ವ ವಾದಿಸುತ್ತಿದ್ದಳು. ಮಗುವಿಗೆ ಕಿವಿಯೇ ಕೇಳಿಸುವುದಿಲ್ಲವೇನೋ ಎಂದು ನನ್ನ ಅನುಮಾನ. ಅದನ್ನು ಬಾಯಿಬಿಟ್ಟು ಹೇಳಲು ಭಯವಾಗುತ್ತಿತ್ತು.

ಚಪ್ಪರದಲ್ಲಿ ವೇದಿಕೆ ಎಂದರೆ ಇಟ್ಟಿಗೆಗಳ ಮೇಲೆ ಹಾಸಿದ ಹಲಗೆಗಳು, ಅದರ ಮೇಲೊಂದು ಜಮಖಾನ. ಮಕ್ಕಳೆಲ್ಲ ಅದರ ಅಂಚಿಗೆ ಅಂಟಿಕೊಂಡು ಕೂರುತ್ತಿದ್ದರು. ಕೊನೆಯಲ್ಲಿ ಮಂಗಳ ಶುರುವಾಯಿತೆಂದರೆ ಮುಗಿಯಿತು, ಇನ್ನು ಪಾನಕವೆಂದು ಎಲ್ಲ ಮಕ್ಕಳೂ ಎದ್ದು ಓಡುವವು. ಮೊದಲನೆಯ ದಿನ ನಮ್ಮ ಚಿಕ್ಕವಳು ಮಾತ್ರ ಏಳಲಿಲ್ಲ. ಹಲಗೆಯ ಮೇಲೆ ಅಂಗೈ ಊರಿಕೊಂಡು ಹಾಗೇ ಕೂತಿದ್ದಳು.

ಮನೆಗೆ ಬರುವ ದಾರಿಯಲ್ಲಿ, ಇದಕ್ಕೆ ಕಿವಿ ಕೇಳುವುದಿಲ್ಲ ಎಂದು ಅವ್ವನಿಗೆ ಹೇಳಿಯೇಬಿಟ್ಟೆ. ಅವ್ವ ನನ್ನ ಮೇಲೆ ಹರಿಹಾಯ್ದಳು. ನನಗೂ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ದಿಗಿಲು. ಕೇಳಿಸದ ಮಗುವಿಗೆ ಸಂಗೀತ ಯಾಕೆ, ಜನರ ಬಾಯಿಗೆ ಬೀಳುವುದಕ್ಕೆ? ನಾಳೆಯೊಂದು ದಿನ ನೋಡುತ್ತೇನೆ, ಆಮೇಲೆ ಇವಳನ್ನು ಮನೆಯಲ್ಲೇ ಬಿಟ್ಟು ಬರೋಣ ಎಂದೆ. ದೊಡ್ಡವಳು ತಂಗಿಯ ಕೈ ಹಿಡಿದುಕೊಂಡು ನಮ್ಮ ಮುಂದೆಯೇ ನಡೆಯುತ್ತಿದ್ದಳು.

ಮಾರನೆಯ ದಿನ ಮಂಗಳದ ಮೊದಲ ಸೊಲ್ಲಿಗೇ ಚಿಕ್ಕವಳು ಎದ್ದು ನಿಂತಳು. ಅವ್ವ ಹೆಂಗಸರ ಸಾಲಿನಿಂದಲೇ ನನ್ನ ಕಡೆ ತಿರುಗಿ ನೋಡಿದಳು. ಹೊರಗೆ ಬಂದವಳೇ, "ಕೇಳ್ದಿದ್ರೆ ಎಂಗ್ಲಾ ಎದ್ಲು? ನಿನ್ ಅನ್ಮಾನಕ್ಕೆ ಬೆಂಕಿ ಆಕ" ಎಂದಳು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದೆ.

ಮೂರನೆಯ ದಿನವೂ ಎದ್ದಳು, ನಾಲ್ಕನೆಯ ದಿನವೂ ಎದ್ದಳು. ಐದನೆಯ ದಿನಕ್ಕೆ ನನ್ನ ಹಳೇ ಚಾಳಿ ತಲೆಯೆತ್ತಿತು. ಬೇರೆ ಮಕ್ಕಳು ಒಮ್ಮೆ ಮೈಮರೆತು ತಡವಾಗಿ ಏಳುತ್ತಿದ್ದವು, ಒಮ್ಮೆ ತಪ್ಪು ತಿಳಿದು ನಡುವೆಯೇ ಏಳುತ್ತಿದ್ದವು. ಮೊದಲನೆಯ ದಿನ ಬಿಟ್ಟರೆ ಇವಳು ಮಾತ್ರ ಒಂದು ದಿನವೂ ತಪ್ಪಲಿಲ್ಲ. ನೂರಕ್ಕೆ ನೂರು ಮೊಳೆತ ಬೀಜ ಇದು. ಪಾನಕದ ಕೊಳಗ ತರುವುದನ್ನು ನೋಡಿ ಏಳುತ್ತಾಳೇನೋ ಎಂದು ಆರನೆಯ ದಿನ ಅದು ಅವಳ ಕಣ್ಣಿಗೆ ಬೀಳದ ಹಾಗೆ ನಾನೇ ಅಡ್ಡ ನಿಂತೆ. ಆಗಲೂ ಎದ್ದಳು. ಅಷ್ಟರಲ್ಲಿ ದೊಡ್ಡವಳ ಮೇಲೆ ನನ್ನ ಕಣ್ಣು ಬಿತ್ತು. ಅವಳು ದಿನಾ ತಂಗಿಯ ಬೆನ್ನ ಹಿಂದೆಯೇ, ಮಂಡಿ ಮಡಚಿಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ಜಾಗ ಇದ್ದರೂ ಕೂರುತ್ತಿರಲಿಲ್ಲ.

ಏಳನೆಯ ದಿನ ಚಿಕ್ಕವಳನ್ನು ಮುಂದೆ ಕೂರಿಸಿ, ದೊಡ್ಡವಳನ್ನು ಗಂಡಸರ ಕಡೆ ನನ್ನ ಪಕ್ಕಕ್ಕೆ ಕರೆದೆ. ಹೆಣ್ಣುಮಕ್ಕಳ ಕಡೆಗೇ ಹೋಗುತ್ತೇನೆಂದು ಕೊಸರಾಡಿದಳು. ಕೈ ಹಿಡಿದು ಕೂರಿಸಿಕೊಂಡೆ. ಅವತ್ತಿನ ಹಾಡು ಏನು, ಹಾಡಿದವರು ಯಾರು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನನ್ನ ಕೈಯೊಳಗೆ ಅವಳ ಕೈ ಬೆವರುತ್ತಿದ್ದದ್ದು ಗೊತ್ತು.

ಮಂಗಳ ಶುರುವಾಯಿತು. ದೊಡ್ಡವಳು ಏಳಲು ಹೋದಳು, ನಾನು ಬಿಡಲಿಲ್ಲ. ಮಕ್ಕಳೆಲ್ಲ ಎದ್ದು ಓಡಿದವು. ಖಾಲಿಯಾದ ಜಾಗದಲ್ಲಿ ಚಿಕ್ಕವಳೊಬ್ಬಳೇ, ಹಲಗೆಯ ಮೇಲೆ ಅಂಗೈ ಊರಿಕೊಂಡು, ಮೃದಂಗದವನ ಕೈಯನ್ನೇ ನೋಡುತ್ತ ನಗುತ್ತಿದ್ದಳು. ಮೃದಂಗ ನಿಂತಿತು. ಅವಳು ಹಲಗೆಯಿಂದ ಕೈ ತೆಗೆದು, ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

ನನ್ನ ಅನುಮಾನ ನಿಜವಾಗಿತ್ತು. ಅದು ಸುಳ್ಳಾಗಲಿ ಎಂದು ಏಳು ದಿನವೂ ದೇವರನ್ನು ಬೇಡಿಕೊಂಡಿದ್ದೆ ಎಂಬುದು ಆಗ ನನಗೆ ತಿಳಿಯಿತು. ಹೆಂಗಸರ ಕಡೆಯಲ್ಲಿ ಎದ್ದು ನಿಂತಿದ್ದ ಅವ್ವ ಮತ್ತೆ ಕೂತುಬಿಟ್ಟಳು. ದೊಡ್ಡವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಂಗಳಕ್ಕೆ ತಂಗಿಯ ಬೆನ್ನಿಗೆ ತಟ್ಟಿ ಎಬ್ಬಿಸುತ್ತಿದ್ದವಳು ನೀನೇನಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಯಾಕೆ ಮಾಡಿದೆ ಎಂದೆ.

"ಕಿವಿ ಕೇಳ್ದಿದ್ರೆ ಮನೇಲೇ ಬುಟ್ಟು ಬರಾನ ಅಂತ ನೀನೇ ಅಂದ್ಯಲ್ಲಪ್ಪ. ಅವ್ಳಿಗೆ ಇಲ್ಲಿ ಕೂತ್ಕಳದು ಅಂದ್ರೆ ಇಷ್ಟ ಕಣಪ್ಪ. ಕೈಲೇ ಗೊತ್ತಾಯ್ತದೆ ಅವ್ಳಿಗೆ."

ಆ ರಾತ್ರಿ ಮನೆಯಲ್ಲಿ ಅವ್ವ ಚಿಕ್ಕವಳನ್ನು ತೊಡೆಯ ಮೇಲೆ ಹಾಕಿಕೊಂಡು ಅವಳ ಕಿವಿ ಸವರುತ್ತ ಕೂತಿದ್ದಳು.

ಎಂಟನೆಯ ದಿನ ಸಂಜೆ ಹೊರಡೋಣವೆಂದು ನಾನೇ ಹೇಳಿದೆ. ದೊಡ್ಡವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ತಂಗಿಯೂ ಬರಬಹುದೇ ಎಂದು ಕೇಳಿದಳು. ಅವಳಿಗೋಸ್ಕರವೇ ಹೋಗುವುದು ಎಂದೆ. ಚಿಕ್ಕವಳನ್ನು ಅವಳ ಜಾಗದಲ್ಲೇ ಹಲಗೆಯ ಪಕ್ಕ ಕೂರಿಸಿ, ಈ ಸಲ ಬೆನ್ನ ಹಿಂದೆ ನಾನು ಕೂತೆ. ಮಕ್ಕಳ ನಡುವೆ ಇಷ್ಟು ದೊಡ್ಡ ಆಳು ಕೂತದ್ದನ್ನು ಕಂಡು ಕೆಲವರು ನಕ್ಕರು. ನಗಲಿ ಬಿಡಿ ಎನ್ನಿಸಿತು. ದೊಡ್ಡವಳು ಪಕ್ಕದಲ್ಲಿ ಕೈಕಟ್ಟಿಕೊಂಡು ಕೂತಿದ್ದಳು.

ಮಂಗಳ ಶುರುವಾದಾಗ ನಾನು ಬಗ್ಗಿ ಚಿಕ್ಕವಳ ಬೆನ್ನನ್ನು ಮೆಲ್ಲಗೆ ಎರಡು ಸಲ ತಟ್ಟಿದೆ. ಅವಳು ತಿರುಗಿದಳು. ಅಕ್ಕ ಇರಬೇಕಾದ ಕಡೆ ನಾನಿದ್ದೆ. ಹುಬ್ಬು ಗಂಟಿಕ್ಕಿಕೊಂಡು ನನ್ನ ಮುಖವನ್ನೂ ಕೈಯನ್ನೂ ನೋಡಿದಳು. ಬೀಜ ತಂದವರ ಮುಖವನ್ನು ನಾನು ಹಾಗೇ ನೋಡುತ್ತಿದ್ದೆ. ಏಳಲಿಲ್ಲ. ಪಕ್ಕದಲ್ಲಿದ್ದ ಅಕ್ಕನ ಕಡೆ ತಿರುಗಿದಳು, ಅಕ್ಕ ಹೂಂ ಎಂದು ತಲೆಯಾಡಿಸಿದ ಮೇಲೆಯೇ ಎದ್ದು ನಿಂತಳು.