ಟ್ಯೂಬಾ ಊದುವ ಬಾಣಂತಿ

ಮೆಕ್ಸಿಕೋದ ಓಹಾಕಾ ಬೆಟ್ಟದ ಬ್ಯಾಂಡಿನಲ್ಲಿ ಟ್ಯೂಬಾ ಊದುವ ಒಬ್ದುಲಿಯಾ ಅಂದರೆ ಗಟ್ಟಿಗಿತ್ತಿ. ತುಂಬು ಬಸುರಿಯಾಗಿದ್ದಾಗಲೂ ಆ ಹಿತ್ತಾಳೆ ರಾಕ್ಷಸನನ್ನು ಹೆಗಲಿಗೇರಿಸಿ ಮೆರವಣಿಗೆಯಲ್ಲಿ ನಡೆದವಳು. ಅಂಥವಳಿಗೆ ಹೆರಿಗೆಯಾದ ಮೇಲೆ ಒಂದು ಉದ್ದ ಸ್ವರ ಹಿಡಿಯಲಾಗಲಿಲ್ಲ. ಊದಿದರೆ ಹೊಟ್ಟೆಯ ನಡುವೆ ದಿಬ್ಬದಂತೆ ಉಬ್ಬು ಏಳುತ್ತಿತ್ತು, ಸೊಂಟ ಕಳಚಿದಂತೆ ನೋವು. ಸಂತ ಪೇದ್ರೋ ಹಬ್ಬದೊಳಗೆ ಸರಿಹೋಗದಿದ್ದರೆ ಅವಳ ಜಾಗ ಮೈದುನನಿಗೆ ಎಂದು ಬ್ಯಾಂಡ್ ಮೇಷ್ಟ್ರು ಹೇಳಿಬಿಟ್ಟಿದ್ದರು.

“ಪಟ್ಟಿ ಸಡಿಲ ಬಿಟ್ಟಿದ್ದೀಯಾ, ಅದಕ್ಕೇ,” ಎಂದು ಅತ್ತೆ ತಿಬುರ್ಸಿಯಾ ಹೊಟ್ಟೆಗೆ ಬಟ್ಟೆ ಬಿಗಿದಳು. “ನಾವೆಲ್ಲ ಹೀಗೇ ಕಟ್ಕೊಂಡಿದ್ದು.”

“ನೀವೇನು ಟ್ಯೂಬಾ ಊದಿದ್ರಾ ಅತ್ತೆ?”

“ಬಾಯಿಗೇನೂ ಕಮ್ಮಿಯಿಲ್ಲ ನೋಡು!”

ಕೊನೆಗೆ ಒಬ್ದುಲಿಯಾ ಕೆಳಗಿನ ಆಸ್ಪತ್ರೆಗೆ ಹೋದಳು. ಫಿಸಿಯೋಥೆರಪಿಸ್ಟ್ ಮಿರೇಯಾ ಅವಳನ್ನು ಮಲಗಿಸಿ, ಅವಳ ಬೆರಳುಗಳನ್ನೇ ಹೊಕ್ಕುಳ ಮೇಲಿರಿಸಿ, ತಲೆ ಎತ್ತಿಸಿದಳು. ಮೂರು ಬೆರಳು ಒಳಗಿಳಿದವು! ಒಬ್ದುಲಿಯಾ ಬೆಚ್ಚಿ ಕೈ ಹಿಂದೆಗೆದಳು.

“ಹೆದರ್ಬೇಡ, ಹರಿದಿಲ್ಲ. ಮಗೂಗೆ ಜಾಗ ಮಾಡಿಕೊಡೋಕೆ ಸ್ನಾಯು ಎರಡೂ ಕಡೆ ಸರಿದಿದೆ. ಉಸಿರು ಬಿಡ್ತಾ ಹೊಟ್ಟೆ ಒಳಗೆ ತಗೋ.”

ಮನೆಯಲ್ಲಿ ಅವಳು ವಾರಗಟ್ಟಲೆ ಮಾಡಿದಳು. ಏನೂ ಸುಧಾರಿಸಲಿಲ್ಲ. ಮುಂದಿನ ಸಲ ಮಿರೇಯಾ ಎದುರಲ್ಲೇ ಮಾಡಿಸಿ ನೋಡಿ ಹಣೆ ಚಚ್ಚಿಕೊಂಡಳು. “ಏ ಮಾರಾಯ್ತಿ, ಉಸಿರು ಬಿಡುವಾಗ ಹೊಟ್ಟೇನ ಹೊರಗೆ ತಳ್ತಿದ್ದೀಯಲ್ಲೇ!”

“ಮತ್ತೆ? ಊದೋದು ಅಂದ್ರೆ ಹಾಗೇ ಅಲ್ವಾ ಡಾಕ್ಟ್ರೇ? ಹೊಟ್ಟೆ ಕೊಟ್ಟು ತಳ್ಳು ಅಂತ್ಲೇ ಅಪ್ಪ ಕಲಿಸಿದ್ದು.”

“ಸರಿ, ಆ ರಾಕ್ಷಸನ್ನೂ ಹೊತ್ಕೊಂಡು ಬಾ. ಅದರ ಜೊತೇಲೇ ಹೊಸದಾಗಿ ಕಲಿಯೋಣ.”

ಮೆಲ್ಲಗೆ, ಪಿಸುಮಾತಿನಷ್ಟೇ ಊದುತ್ತ ಹೊಟ್ಟೆಯನ್ನು ಒಳಗೆಳೆಯುವ ಪಾಠ ಶುರುವಾಯಿತು. ಒಂದು ದಿನ ಹೊಕ್ಕುಳ ಮೇಲಿಟ್ಟ ಬೆರಳಡಿಯಲ್ಲಿ ಏನೋ ಅಲುಗಿತು. ಎರಡೂ ಕಡೆಯಿಂದ ಸ್ನಾಯು ನಿಧಾನವಾಗಿ ಹತ್ತಿರ ಬರುತ್ತಿತ್ತು. ಒಬ್ದುಲಿಯಾ ಟ್ಯೂಬಾದಿಂದ ಬಾಯಿ ತೆಗೆದು ಕೂಗಿದಳು: “ಅಯ್ಯೋ ದೇವರೇ, ಬರ್ತಿದೆ!” ಅಬ್ಬಾ, ಇಷ್ಟು ದಿನ ತನ್ನದೇ ಮೈಯೊಳಗೆ ಇಂಥ ಬುದ್ಧಿವಂತಿಕೆ ಇತ್ತೇ ಎಂದು ಅವಳ ಕಣ್ಣು ತುಂಬಿತು.

ಹಬ್ಬದ ಹಿಂದಿನ ದಿನ ಅಂಗಳದಲ್ಲಿ ಮೇಷ್ಟ್ರ ಮುಂದೆ ಊದಿದಳು. ನಂಬಿಕೆಯಿಲ್ಲದ ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟೇ ನಿಂತಿದ್ದಳು. ಸ್ವರ ಕೊನೆಯವರೆಗೂ ನಿಂತಿತು, ಉಬ್ಬು ಏಳಲಿಲ್ಲ. ಮೇಷ್ಟ್ರು ತಲೆಯಾಡಿಸಿ, “ನಾಳೆ ಬೇಗ ಬಾ,” ಎಂದು ಹೊರಟರು.

ತಿಬುರ್ಸಿಯಾ ಮಾತ್ರ ಕೈ ತೆಗೆಯಲಿಲ್ಲ. ಆಮೇಲೆ ಸೊಸೆಯನ್ನು ಒಳಗೆ ಕರೆದು ಚಾಪೆಯ ಮೇಲೆ ಮಲಗಿ, ತನ್ನ ಲಂಗದ ಗಂಟು ಬಿಚ್ಚಿದಳು.

“ಏಳು ಮಕ್ಳು ಹೆತ್ತೆ ಕಣೇ,” ಎಂದಳು. “ಒಂದು ಸಲಾನೂ ಯಾರೂ ಮುಟ್ಟಿ ನೋಡ್ಲಿಲ್ಲ. ಬೆರಳು ಎಲ್ಲಿಡ್ಬೇಕು, ತೋರ್ಸು.”