ಬೆಲೆ ಇಳಿಸದ ಮಾವ

ನಮ್ಮ ಅಂಗಡಿಯ ಮರದ ಗೊಂಬೆಗಳಿಗೆ ಕಣ್ಣಿರುತ್ತಿರಲಿಲ್ಲ. ಸೀರೆಯ ನಿರಿಗೆ, ಮೂಗುತಿ, ತಲೆಗೆ ಸುತ್ತಿದ ಪಟಗದ ಅಂಚು ಎಲ್ಲ ತಿದ್ದಿ ಮುಗಿದಿರುತ್ತಿತ್ತು, ಕಣ್ಣು ಮಾತ್ರ ಇಲ್ಲ. ಗಿರಾಕಿ ಬೆಲೆಗೆ ಒಪ್ಪಿದ ಮೇಲೇ ನಮ್ಮ ಮಾವ ಕುಂಚ ಹಿಡಿದು ಕಣ್ಣು ಬರೆಯುತ್ತಿದ್ದರು. "ಕಣ್ಣು ಬಂದ ಗೊಂಬಿ ಮುಂದ ಚೌಕಾಸಿ ಮಾಡಿದ್ರ ಅದಕ್ಕ ಮರ್ಯಾದಿ ಉಳೀತೈತೇನ್ರಿ?" ಎನ್ನುತ್ತಿದ್ದರು. ಕೇಳಿದವರು ನಕ್ಕರೂ ಇವರು ನಗುತ್ತಿರಲಿಲ್ಲ.

ಕಿನ್ನಾಳದಲ್ಲಿ ಮನೆ, ಕೊಪ್ಪಳದಲ್ಲಿ ಅಂಗಡಿ. ಸೊಸೆಯಾಗಿ ಬಂದ ನನ್ನ ಪಾಲಿಗೆ ಸಿಕ್ಕದ್ದು ಹುಣಸೆಬೀಜ ಅರೆದು ಅಂಟು ಕಾಸುವ ಕೆಲಸ. ಅದಾದರೂ ಸುಮ್ಮನೆ ಆಗುತ್ತಿತ್ತೇ? ಬೆರಳಿಗೆ ಹಚ್ಚಿ ನೋಡಿ, "ಇನ್ನೊಂದ್ಸಲ ಅರಿಯವ್ವಾ" ಎನ್ನುತ್ತಿದ್ದರು. ನನ್ನ ರಟ್ಟೆ ಬಿದ್ದು ಹೋಗುತ್ತಿತ್ತು.

ಅಷ್ಟರಲ್ಲಿ ಪಕ್ಕದಲ್ಲೇ ಅಚ್ಚಿನ ಗೊಂಬೆಗಳ ಅಂಗಡಿ ಬಂತು. ನಮ್ಮದೇ ರೂಪ, ನಮ್ಮದೇ ಬಣ್ಣ, ಬೆಲೆ ಅರ್ಧ. ಗಿರಾಕಿಗಳು ಅತ್ತ ಸರಿದರು. "ಈ ಸಲ ದೊಡ್ಡ ಆರ್ಡರ್ ಸಿಗಲಿಲ್ಲಂದ್ರ ಅಂಗಡಿ ಮುಚ್ಚೋದ" ಎಂದ ನನ್ನ ಗಂಡ. ದೇವರೇ ಕಳಿಸಿದಂತೆ ಗಂಗಾವತಿಯ ಬಟ್ಟೆ ವ್ಯಾಪಾರಿಯೊಬ್ಬರು ಬಂದರು. ಮಗಳ ಮದುವೆಗೆ ಬಂದವರಿಗೆಲ್ಲ ಗೊಂಬೆ ಕೊಡಬೇಕಂತೆ. ಕೈಯಲ್ಲಿ ಅಚ್ಚಿನದೊಂದನ್ನು ಹಿಡಿದು, "ಇದ ರೇಟಿಗೆ ಕೊಡ್ರಿ, ಪೂರಾ ಆರ್ಡರ್ ನಿಮಗ" ಎಂದರು. ಮಾವ ಅದನ್ನು ತಿರುಗಿಸಿ ನೋಡಿ, "ಛಲೋ ಐತ್ರಿ, ಬರ್ರಿ" ಎಂದು ತಾವೇ ಅವರನ್ನು ಪಕ್ಕದ ಅಂಗಡಿಗೆ ಕರೆದೊಯ್ದು, "ಇವರಿಗೆ ಒಡಕಿಲ್ಲದ್ದು ನೋಡಿ ಕೊಡಪಾ" ಎಂದು ಹೇಳಿ ಬಂದರು!

ನನಗೆ ಮೈಯೆಲ್ಲ ಉರಿಯಿತು. "ಅಲ್ರಿ ಮಾವಾರ, ಬಂದ ಲಕ್ಷ್ಮಿನ ನೀವಾ ಬಾಜೂ ಮನಿಗೆ ಬಿಟ್ಟು ಬಂದ್ರ್ಯಲ್ಲ!"

"ರೇಟ್ ಇಳಿಸಿದ್ರ ಬಣ್ಣ ತೆಳ್ಳಗ ಮಾಡಬೇಕಾಕ್ಕೈತಿ. ಒಮ್ಮೆ ತೆಳ್ಳಗ ಮಾಡಿದ ಕೈ ಮತ್ತ ದಪ್ಪ ಹಚ್ಚಂಗಿಲ್ಲವ್ವಾ."

ಗಂಡ ಸಿಟ್ಟಿನಿಂದ ಗಂಗಾವತಿಯ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋದ. ಖಾಲಿಯಾದ ಅವನ ಜಾಗ ತೋರಿಸಿ ಮಾವ ನನಗೆ "ಕುಂದ್ರು" ಎಂದರು. ಬೈಸಿಕೊಂಡು, ಅತ್ತು, ಮರ ಕೆತ್ತುವುದರಿಂದ ಕಣ್ಣು ಬರೆಯುವವರೆಗೆ ಕಲಿತೆ. ವ್ಯಾಪಾರ ಕುಂಟುತ್ತಲೇ ನಡೆಯಿತು. ಆದರೆ ಒಂದು ರೂಪಾಯಿಯನ್ನೂ ಅವರು ಇಳಿಸಲಿಲ್ಲ. ಇಂಥವರ ಸೊಸೆ ನಾನು ಎಂದು ಯಾರ ಮುಂದೆ ಬೇಕಾದರೂ ಎದೆತಟ್ಟಿ ಹೇಳುತ್ತೇನೆ.

ಮಾವ ತೀರಿಕೊಂಡು ವರ್ಷವಾಯಿತು. ಹಾಸಿಗೆ ಹಿಡಿದಿದ್ದ ಅವರು ನನ್ನೊಂದಿಗೆ ಕಡೆಯ ಸಲ ಮಾತಾಡಿದ್ದು ಗಂಡ ರಜೆಗೆ ಮನೆಗೆ ಬಂದಿದ್ದ ದಿನ. ಅಂಗಡಿಯಲ್ಲಿ ಮರದ ಎತ್ತಿನ ಜೋಡಿಯೊಂದನ್ನು ಮಾರಿ ಬಂದೆ ಎಂದೆ.

"ಎಷ್ಟಕ್ಕ ಕೊಟ್ಟಿ?"

"ನಿಮ್ಮ ರೇಟಿಗಿಂತ ನೂರು ಹೆಚ್ಚಿಗಿ."

"ಹುಚ್ಚಿ ಏನ್ ನೀ? ನನ್ನ ಎತ್ತಿಗೆ ನಾ ಕಟ್ಟಿದ ಬೆಲಿ ಐತಿ."

"ಅವು ನಿಮ್ಮುವಲ್ರಿ ಮಾವಾರ. ನಾ ಮಾಡಿದ್ದು."

ಮಾವ ಗೋಡೆ ಹಿಡಿದು ಎದ್ದು ಕೂತರು. ನನ್ನನ್ನು ನೋಡಲಿಲ್ಲ. ಮಗನ ಕಡೆ ತಿರುಗಿ, "ಏ, ಗಿರಣಿ ಬಿಟ್ಟು ಬಾರಪಾ" ಎಂದರು. "ನಿನ್ನ ಹೇಂತಿ ಕೈಕೆಳಗ ಕೆಲಸ ಐತಿ."