ಹುಲ್ಲಿನ ಹೊರೆಯ ಕೆಳಗೊಂದು ರೇಸ್ ಸೈಕಲ್

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಅರಕೆರೆಯ ನಾಲೆ ಏರಿಯ ಮೇಲೆ ನಾನು ಒಂದು ಹುಲ್ಲಿನ ಹೊರೆಯನ್ನು ಅರ್ಧ ಕಿಲೋಮೀಟರ್ ಹಿಂಬಾಲಿಸಿದೆ.

ಹೊರೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕೆಳಗೆ ಎರಡು ಚಕ್ರ, ಪಕ್ಕದಲ್ಲಿ ಒಂದು ಹಸಿರು ಸೀರೆ. ನನ್ನ ಕಣ್ಣು ಮಾತ್ರ ಹುಲ್ಲಿನ ಸಂದಿಯಿಂದ ಇಣುಕುತ್ತಿದ್ದ ಹ್ಯಾಂಡಲ್ ಮೇಲೆ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್. ರೇಸ್ ಸೈಕಲ್ಲಿಗೆ ಬಿಟ್ಟರೆ ಇನ್ಯಾವುದಕ್ಕೆ ಅಂಥದ್ದು ಇರುತ್ತದೆ?

ನನ್ನ ಹಳೇ ಸೈಕಲ್ ಹುಚ್ಚು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ನನ್ನ ಹೆಂಡತಿಯನ್ನು ಕೇಳಿ. ಸಮಯ ಮಾಡಿಕೊಂಡು ಹೋಗಿ.)

ಹಸಿರು ಸೀರೆ ನಿಂತಿತು. ಎಪ್ಪತ್ತರ ಆಸುಪಾಸಿನ ಹೆಂಗಸು. ಹೆಸರು ನಿಂಗಮ್ಮ ಅಂತ ಆಮೇಲೆ ತಿಳಿಯಿತು.

“ಯಾಕಪ್ಪ ನಮ್ಮಿಂದೆ ಬತ್ತಿದ್ದೀಯ? ಉಲ್ಲು ಬೇಕಿತ್ತಾ?”

“ಹುಲ್ಲಲ್ಲ ಅವ್ವಾ, ಸೈಕಲ್ ನೋಡ್ತಿದ್ದೆ.”

“ಸೈಕಲ್ ನೋಡಿಲ್ವಾ ನೀನು?”

ಇಂಥದ್ದನ್ನು ನೋಡಿರಲಿಲ್ಲ. ಮನೆ ಸೇರಿ ಹೊರೆ ಇಳಿಸಿದ ಮೇಲೆ ಕಂಡದ್ದು ಐವತ್ತು ವರ್ಷಕ್ಕೂ ಹಿಂದಿನ ವಿದೇಶಿ ಸ್ಟೀಲ್ ರೇಸ್ ಸೈಕಲ್. ಕೊಳವೆಗಳು ಕೂಡುವ ಜಾಗದಲ್ಲೆಲ್ಲ ಎಲೆಯಾಕಾರದ ಕುಸುರಿ. ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಕಂಪನಿ ಯಾವುದು ಅಂತ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಅರಕೆರೆ ಬಸ್ಸಿನಲ್ಲಿ ಊರಿನವರಿಗೇ ಸೀಟು ಸಿಗಲಿಕ್ಕಿಲ್ಲ.

ನಿಂಗಮ್ಮನವರ ಯಜಮಾನರು ಮೈಸೂರಿನ ಹಾಸ್ಟೆಲೊಂದರಲ್ಲಿ ಅಡುಗೆಯವರಾಗಿದ್ದರಂತೆ. ಓದು ಮುಗಿಸಿ ಹೊರಟ ಹುಡುಗನೊಬ್ಬ ಅವರಿಗೆ ಕೊಟ್ಟು ಹೋದದ್ದಂತೆ. ಊರಿಗೆ ತಂದವರು ಮೊದಲು ಮಾಡಿದ ಕೆಲಸ, ಕೆಳಗೆ ಬಾಗಿದ್ದ ಹ್ಯಾಂಡಲನ್ನು ಮೇಲಕ್ಕೆ ತಿರುಗಿಸಿದ್ದು.

“ಬಗ್ಗಿ ಓಡ್ಸಕೆ ನಾನೇನ್ ಕದ್ಕಂಡು ಓಯ್ತಿದ್ದೀನಾ ಅಂದ್ಬುಟ್ಟು ತಿರುಗ್ಸಿದ್ರು,” ಎಂದರು ನಿಂಗಮ್ಮ. ಎರಡನೇ ಕೆಲಸ, ಊರಿನ ಆಚಾರಿಯಿಂದ ಹಿಂದುಗಡೆ ಅಗಲದ ಕ್ಯಾರಿಯರ್ ವೆಲ್ಡ್ ಮಾಡಿಸಿದ್ದು. ಅಂಥ ಸ್ಟೀಲಿಗೆ ವೆಲ್ಡಿಂಗು! ಯಜಮಾನರು ತೀರಿಕೊಂಡ ಮೇಲೆ ಅದನ್ನು ಯಾರೂ ಹತ್ತಿರಲಿಲ್ಲ. ನಿಂಗಮ್ಮ ಹತ್ತುವುದಿಲ್ಲ, ತಳ್ಳುತ್ತಾರೆ. ಹುಲ್ಲು, ಹಾಲಿನ ಕ್ಯಾನು, ರೇಷನ್ನು, ಎಲ್ಲಕ್ಕೂ ಅದೇ.

ಗಾಳಿ ಸೀಳಿಕೊಂಡು ಹೋಗಲಿ ಅಂತ ಮಾಡಿದ ಸೈಕಲ್ಲು ಎಮ್ಮೆಯ ವೇಗದಲ್ಲಿ ನಡೆಯುತ್ತಿದೆ! ಇದನ್ನು ಉಳಿಸದಿದ್ದರೆ ನಾನು ಮನುಷ್ಯನೇ?

ಹೊಸ ಸೈಕಲ್ ತಂದುಕೊಡ್ತೀನಿ, ಇದು ನನಗಿರಲಿ ಅಂದೆ. ಅವರ ಸೊಸೆ ಭಾಗ್ಯಳ ಮುಖ ಅರಳಿತು. ನಿಂಗಮ್ಮ ಮಾತ್ರ ಹ್ಯಾಂಡಲ್ ಬಿಡಲಿಲ್ಲ. “ಇದು ಅಗುರ ಕಣಪ್ಪ,” ಅಂದರು.

“ಹೌದವ್ವಾ, ಅದೇ ಇದರ ಸ್ಪೆಷಾಲಿಟಿ,” ಎಂದು ನಾನು ಸ್ಟೀಲಿನ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಅವರು ಕೇಳಿದರು, ಪಾಪ. ಕೊನೆಗೆ ಭಾಗ್ಯಳೇ ಅತ್ತೆಯನ್ನು ಒಪ್ಪಿಸಿದಳು. ಮಾರನೆಯ ದಿನ ಗೂಡ್ಸ್ ಆಟೋದಲ್ಲಿ ಹೊಸ ಸೈಕಲ್ ಹೋಯಿತು, ಹಳೆಯದು ಬಂತು.

ಎರಡು ವಾರ ಶ್ರೀರಂಗಪಟ್ಟಣದ ನಮ್ಮ ಮನೆಯ ಹಜಾರ ವರ್ಕ್‌ಶಾಪ್ ಆಯಿತು. ಕ್ಯಾರಿಯರ್ ಕೊಯ್ಯಿಸಿದೆ. ಹ್ಯಾಂಡಲ್ ಮತ್ತೆ ಕೆಳಗೆ ತಿರುಗಿಸಿದೆ. ತುಕ್ಕು ತಿಕ್ಕಿದೆ. (ಹಲ್ಲುಜ್ಜುವ ಬ್ರಷ್ ಯಾರದು ಅಂತ ಇನ್ನೂ ತನಿಖೆ ನಡೆಯುತ್ತಿದೆ.) ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದರೆ ಅಭಿನಂದನೆಗಳ ಸುರಿಮಳೆ.

ಆಮೇಲೆ ಪಾಂಡವಪುರದ ಕಡೆ ಸವಾರಿ. ಅಬ್ಬಾ, ಏನು ಓಟ! ಪೆಡಲ್ ಮುಟ್ಟಿದರೆ ಸಾಕು, ಹಾರುತ್ತದೆ. ಐವತ್ತು ದಾಟಿದ ಈ ಎದೆಯಲ್ಲಿ ಹೈಸ್ಕೂಲಿನ ಖುಷಿ. ತೊಂದರೆ ಒಂದೇ. ರೇಸಿನವರ ಹಾಗೆ ಬಗ್ಗಬೇಕೆಂದರೆ ನಡುವೆ ನನ್ನ ಹೊಟ್ಟೆ ಬರುತ್ತದೆ. ಹೇಗೋ ಬಗ್ಗಿಕೊಂಡು ಕ್ಯಾತನಹಳ್ಳಿ ಹತ್ತಿರ ಹೋಗುತ್ತಿದ್ದಾಗ ಕಬ್ಬಿನ ಟ್ರಾಕ್ಟರಿನವನು ನಿಧಾನಿಸಿ ಕೇಳಿದ: “ಏನ್ ಸಾ, ಏನಾರ ಬೀಳಿಸ್ಕಂಡ್ರಾ?”

ಹೋದ ಭಾನುವಾರ ನಿಂಗಮ್ಮನವರಿಗೂ ತೋರಿಸೋಣ ಅಂತ ಅದನ್ನೇ ತುಳಿದುಕೊಂಡು ಅರಕೆರೆಗೆ ಹೋದೆ. ಹೊಗಳಿಕೆಯ ಆಸೆ, ಇನ್ನೇನು?

ಹೊಸ ಸೈಕಲ್ ಗೋಡೆಗೆ ಒರಗಿತ್ತು. ಪೂಜೆ ಮಾಡಿದ ಕುಂಕುಮ ಹಾಗೇ ಇತ್ತು. ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ನಿಂಗಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

“ಒಲದ ಕಡೀಕೆ ಓಗದೇ ಬುಟ್ಟವ್ರೆ ಸಾರ್,” ಎಂದಳು ಭಾಗ್ಯ. “ಡೈರಿಗೂ ಓಗಲ್ಲ, ಆಚೆ ಬೀದೀಲಿ ತಂಗಿ ಮನೆಗೂ ಓಗಲ್ಲ. ಹೊಸದು ಬಾಳ ತೂಕ, ಒಂದ್ಸತಿ ಮ್ಯಾಲೇ ಬಿತ್ತು. ಆರು ವರ್ಸದಿಂದ ಮಂಡಿ ನೋವು. ಆ ಹಳೇದ್ನೇ ಊರ್ಕಂಡು ಓಡಾಡ್ತಿದ್ರು, ನಂಗೂ ಈಗ್ಲೇ ಗೊತ್ತಾಗಿದ್ದು.”

ಆಗ ಹೊಳೆಯಿತು. ಮೇಲಕ್ಕೆ ತಿರುಗಿಸಿದ ಆ ಕೊಂಬು ಸರಿಯಾಗಿ ಅವರ ಅಂಗೈಗೆ ಸಿಗುತ್ತಿತ್ತು. ಹಿಂದೆ ಹುಲ್ಲಿನ ಭಾರ ಇದ್ದರೆ ಊರಿದಾಗ ಅಲುಗುತ್ತಿರಲಿಲ್ಲ. ಭಾರ ಇಳಿಸಿದರೆ ಒಂದೇ ಕೈಲಿ ಹೊಸ್ತಿಲು ದಾಟಿಸಬಹುದಿತ್ತು. ಹಗುರ ಕಣಪ್ಪ ಅಂದಿದ್ದರಲ್ಲ, ನಾನೆಲ್ಲಿ ಕೇಳಿಸಿಕೊಂಡೆ? ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು.

ಆದರೂ ಆಸೆ ಬಿಡಬೇಕಲ್ಲ. “ಒಳ್ಳೇ ಕೋಲು ತಂದುಕೊಡ್ಲಾ ಅವ್ವಾ? ವಾಕರ್ ಆದ್ರೂ?” ಎಂದೆ.

ನಿಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕೋಲ್ ಇಡ್ಕಂಡ್ರೆ ಊರ್ನೋರು ‘ಪಾಪ’ ಅಂತಾರೆ ಕಣಪ್ಪ. ಸೈಕಲ್ ಇಡ್ಕಂಡ್ರೆ ‘ಎಲ್ಲಿಗ್ ಒಂಟಿದ್ದೀಯ’ ಅಂತಾರೆ.”

ಸ್ಪ್ಯಾನರ್ ಈಸಿಕೊಂಡು ಅಲ್ಲೇ ಜಗುಲಿಯ ಪಕ್ಕ ಕೂತು ಹ್ಯಾಂಡಲನ್ನು ಮತ್ತೆ ಮೇಲಕ್ಕೆ ತಿರುಗಿಸಿದೆ. ಹೊಸದೊಂದು ಕ್ಯಾರಿಯರ್ ಕೂರಿಸಲು ಸೈಕಲ್ ತಳ್ಳಿಕೊಂಡು ಆಚಾರಿಯ ಶೆಡ್ಡಿಗೆ ಹೋದೆ. ನಿಂಗಮ್ಮನವರ ಯಜಮಾನರಿಗೆ ವೆಲ್ಡ್ ಮಾಡಿಕೊಟ್ಟಿದ್ದ ಅದೇ ಆಚಾರಿ.

“ಕುಯ್ಸಿದ್ಯಾಕೆ ಸಾ, ಈಗ ಮೆತ್ತುಸ್ತಿರದ್ಯಾಕೆ?” ಎಂದರು.

ಕಿಡಿ ಹಾರುವಾಗ ಆ ಕಡೆ ತಿರುಗಿ ನಿಂತೆ. ವಾಟ್ಸಾಪ್ ಗ್ರೂಪಿನಲ್ಲಿ ಈ ಫೋಟೋ ಹಾಕಿಲ್ಲ. ಹಾಕಿದರೆ ನನ್ನನ್ನು ಹೊರಗೆ ಹಾಕುತ್ತಾರೆ.

ವಾಪಸು ತಂದು ನಿಲ್ಲಿಸಿದಾಗ ನಿಂಗಮ್ಮ ಜಗುಲಿಯಿಂದ ಇಳಿದು ಹ್ಯಾಂಡಲ್ ಹಿಡಿದರು. ಒಂದು ಸಲ ಊರಿ ನೋಡಿದರು. ಕುಡುಗೋಲು, ಹಗ್ಗ ಕ್ಯಾರಿಯರಿಗೆ ಸಿಕ್ಕಿಸಿಕೊಂಡು, “ಹೊಸದ್ನ ತಗಂಡೋಗು, ನಮಗ್ಯಾಕೆ ಎರಡು,” ಎಂದು ಹೊರಟೇಬಿಟ್ಟರು. ಎದುರು ಮನೆಯಿಂದ ಯಾರೋ ಕೇಳಿದರು, “ನಿಂಗಮ್ಮಕ್ಕಾ, ಎಲ್ಲಿಗ್ ಒಂಟಿದ್ದೀಯ?”

ನಾನು ಹೊಸ ಸೈಕಲ್ ತುಳಿದುಕೊಂಡು, ಏದುಸಿರು ಬಿಡುತ್ತಾ ಊರು ಸೇರಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ.

ಆ ಸೈಕಲನ್ನು ಕೆಡಿಸಿದ್ದು ಯಾರು: ಕ್ಯಾರಿಯರ್ ಕೂರಿಸಿದ ಆಚಾರಿಯೋ, ಕಿತ್ತುಹಾಕಿದ ನಾನೋ?